ಯಾವ ಗ್ರೂಪಿಗೂ ಸೇರದ ಓದು

ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ಈಗ ಹುಟ್ಟಿಬಂದು ಆಂಧ್ರಪ್ರದೇಶದ ಡಿಗ್ರಿ ಪ್ರವೇಶದ ಆನ್‌ಲೈನ್ ಅರ್ಜಿ ತುಂಬಲು ಕೂತರೆ ಮೊದಲ ಕಾಲಮ್ಮಿನಲ್ಲೇ ಸಿಕ್ಕಿಬೀಳುತ್ತಾರೆ. ಮೇಜರ್ ಯಾವುದು ಎಂದು ಅರ್ಜಿ ಕೇಳುತ್ತದೆ. ತೆಲುಗು ಎನ್ನಬೇಕೆ, ಸಂಸ್ಕೃತವೆ, ಪ್ರಾಕೃತವೆ, ಇಲ್ಲ ಕರ್ನಾಟಕ ಸಂಗೀತವೆ? ಕನ್ನಡದಲ್ಲೂ ಪುಸ್ತಕ ಬರೆದವರು ಎಂಬುದನ್ನು ಯಾವ ಕಾಲಮ್ಮಿಗೆ ತುಂಬಬೇಕು?

ಶರ್ಮರು ಹುಟ್ಟಿದ್ದು 1893ರಲ್ಲಿ, ಕಲ್ಯಾಣದುರ್ಗ ಸೀಮೆಯ ರಾಳ್ಲಪಲ್ಲಿಯಲ್ಲಿ. ಈಗ ಅದು ಅನಂತಪುರ ಜಿಲ್ಲೆಯ ಕಂಬದೂರು ಮಂಡಲದ ಹಳ್ಳಿ. ಚಿಕ್ಕಂದಿನಲ್ಲೇ ಮೈಸೂರು ಸೇರಿ ಪರಕಾಲ ಮಠದ ಆಶ್ರಯದಲ್ಲಿ ಸಂಸ್ಕೃತ ಓದಿದರು. ಬಿಡಾರಂ ಕೃಷ್ಣಪ್ಪನವರಂಥ ವಿದ್ವಾಂಸರ ಬಳಿ ಸಂಗೀತ ಕಲಿತರು. 1912ರಲ್ಲಿ ಮಹಾರಾಜ ಕಾಲೇಜಿನಲ್ಲಿ ತೆಲುಗು ಹೇಳಿಕೊಡಲು ನಿಂತಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದಿನ ಮೂರೂವರೆ ದಶಕಕ್ಕೂ ಮಿಕ್ಕಿ ಅಲ್ಲೇ ಇದ್ದರು. ಗಾಥಾಸಪ್ತಶತಿಯ ಪ್ರಾಕೃತ ಪದ್ಯಗಳನ್ನು ತೆಲುಗಿಗೆ ತಂದರು, ವೇಮನನ ಬಗ್ಗೆ ಕೊಟ್ಟ ಉಪನ್ಯಾಸಗಳು ತೆಲುಗು ವಿಮರ್ಶೆಯಲ್ಲಿ ಹೆಸರಾದವು. ಕನ್ನಡದಲ್ಲಿ 'ಗಾನಕಲೆ', 'ಸಾಹಿತ್ಯ ಮತ್ತು ಜೀವನಕಲೆ' ಬರೆದರು. 1974ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಕಾಲೇಜಿನಲ್ಲಿ ಭಾಷೆ ಪಾಠ ಮಾಡುತ್ತಿದ್ದವರಿಗೆ ಹಾಡುಗಾರರ ಬಿರುದು!

ಇಷ್ಟೆಲ್ಲ ಓದು ಒಟ್ಟಿಗೆ ಉಪಯೋಗಕ್ಕೆ ಬಂದದ್ದು ತಿರುಪತಿಯಲ್ಲಿ. ಅನ್ನಮಾಚಾರ್ಯರ ಕೀರ್ತನೆಗಳನ್ನು ಕೆತ್ತಿದ ತಾಮ್ರದ ರೇಕುಗಳು ತಿರುಮಲೆಯ ಭಂಡಾರದಲ್ಲಿ ಸಿಕ್ಕಿದ್ದವು, ಎರಡು ಸಾವಿರಕ್ಕೂ ಮಿಕ್ಕಿ. ಕೀರ್ತನೆಯ ತಲೆಯ ಮೇಲೆ ರಾಗದ ಹೆಸರಿದೆ, ಸ್ವರಲಿಪಿ ಇಲ್ಲ. ಹದಿನೈದನೆಯ ಶತಮಾನದ ತೆಲುಗು, ಅದರಲ್ಲೂ ಆಡುಮಾತಿನ ತೆಲುಗು. ಇಂಥದ್ದನ್ನು ಪರಿಷ್ಕರಿಸಿ ಹಾಡುವ ಹಾಗೆ ಮಾಡಬೇಕಾದರೆ ಬರೀ ತೆಲುಗು ಎಂ.ಎ. ಸಾಲದು, ಬರೀ ಸಂಗೀತದ ವಿದ್ವತ್ತೂ ಸಾಲದು. ಛಂದಸ್ಸು ಗೊತ್ತಿರಬೇಕು, ತಪ್ಪು ಕೆತ್ತಿದ ಅಕ್ಷರ ಯಾವುದೆಂದು ಊಹಿಸುವ ಕಣ್ಣಿರಬೇಕು, ಈ ಸಾಲು ಈ ರಾಗದಲ್ಲಿ ಉಸಿರಾಡುತ್ತದೋ ಇಲ್ಲವೋ ಎಂದು ತಿಳಿಯುವ ಕಿವಿ ಇರಬೇಕು. ವೇಟೂರಿ ಪ್ರಭಾಕರ ಶಾಸ್ತ್ರಿಗಳು ಕೈಹಚ್ಚಿದ್ದ ಈ ಕೆಲಸಕ್ಕೆ ಮೈಸೂರಿನಿಂದ ನಿವೃತ್ತರಾದ ಶರ್ಮರನ್ನು ದೇವಸ್ಥಾನ ಕರೆಸಿಕೊಂಡಿತು. ಇವತ್ತು ಕಚೇರಿಗಳಲ್ಲಿ ಕೇಳುವ ಎಷ್ಟೋ ಅನ್ನಮಯ್ಯನ ಕೀರ್ತನೆಗಳಿಗೆ ರಾಗ ಹಾಕಿ ಸ್ವರಪಡಿಸಿದವರು ಅವರು.

ಹೀಗೆ ಹಲವು ವಿಷಯಗಳನ್ನು ಬೆರೆಸಿ ಓದುವುದಕ್ಕೆ ಅಮೆರಿಕದ ಕಾಲೇಜುಗಳು ಒಂದು ಹೆಸರಿಟ್ಟು ಕೈಪಿಡಿ ಅಚ್ಚು ಹಾಕಿವೆ: ವಿದ್ಯಾರ್ಥಿಯೇ ರೂಪಿಸಿಕೊಳ್ಳುವ ಅಂತರ್‌ಶಿಸ್ತೀಯ ಮೇಜರ್. ಎರಡು ಮೂರು ವಿಭಾಗಗಳ ಪಾಠಗಳನ್ನು ಆರಿಸಿ, ಒಂದು ಪ್ರಶ್ನೆಯ ಸುತ್ತ ಜೋಡಿಸಿ, ಅಧ್ಯಾಪಕರ ಒಪ್ಪಿಗೆ ಪಡೆದು ಅದನ್ನೇ ತನ್ನ ಪದವಿ ವಿಷಯ ಮಾಡಿಕೊಳ್ಳುವುದು. ಬ್ರೌನ್ ವಿಶ್ವವಿದ್ಯಾಲಯ 1969ರಲ್ಲಿ ಕಡ್ಡಾಯ ಪಾಠಗಳ ಪಟ್ಟಿಯನ್ನೇ ಕಿತ್ತುಹಾಕಿತು, ಅದಕ್ಕೆ ಪಟ್ಟುಹಿಡಿದು ವರದಿ ಬರೆದವರು ವಿದ್ಯಾರ್ಥಿಗಳೇ. ಮರುವರ್ಷ ಮೆಸಾಚುಸೆಟ್ಸ್‌ನಲ್ಲಿ ತೆರೆದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಎಲ್ಲರೂ ತಮ್ಮ ತಮ್ಮ ವಿಷಯವನ್ನು ತಾವೇ ಕಟ್ಟಿಕೊಳ್ಳಬೇಕೆಂಬುದೇ ನಿಯಮವಾಯಿತು. ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಕ್ಲಸ್ಟರ್ ಇನೊವೇಶನ್ ಸೆಂಟರ್ ತೆರೆದು, ಒಂದು ಕಾಲೇಜಿನಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಮತ್ತೊಂದು ಎಂದು ಓದಬಹುದಾದ ಪದವಿ ಶುರುಮಾಡಿತು. ದೆಹಲಿಯಲ್ಲಿ ಅದು ನಡೆಯುತ್ತದೆ, ಮೆಟ್ರೋ ಹತ್ತಿದರೆ ಇನ್ನೊಂದು ಕಾಲೇಜು. ಕಲ್ಯಾಣದುರ್ಗದ ಸರ್ಕಾರಿ ಡಿಗ್ರಿ ಕಾಲೇಜಿಗೆ ಕುಂದುರ್ಪಿ ಕಡೆಯಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ಇನ್ನೊಂದು ಕಾಲೇಜು ಎಂದರೆ ಇನ್ನೊಂದು ಊರು.

ಹಾಗಾದರೆ ಈ ಭಾಗ್ಯ ಮೈಸೂರಿನ ಪಂಡಿತರಿಗೆ, ಅಮೆರಿಕದ ಶ್ರೀಮಂತರಿಗೆ ಮಾತ್ರವೆ? ಹಾಗೇನೂ ಇಲ್ಲ. ಗಡಿಯ ಹಿಂದೂಪುರ, ಕಲ್ಯಾಣದುರ್ಗ ಎಂಬ ಎರಡು ಊರುಗಳಲ್ಲಿ ಕೂತೇ ಎಷ್ಟು ಮಾಡಬಹುದು, ಎಲ್ಲಿ ತಲೆ ಚಚ್ಚಿಕೊಳ್ಳಬೇಕಾಗುತ್ತದೆ ಎನ್ನುವುದು ನೋಡತಕ್ಕ ಸಂಗತಿ.

ಆಂಧ್ರದಲ್ಲಿ ಹತ್ತನೇ ತರಗತಿ ದಾಟಿದ ಮಗುವಿಗೆ ನೆಂಟರಿಷ್ಟರು ಕೇಳುವುದು 'ಯಾವ ಗ್ರೂಪಪ್ಪಾ?' ಎಂದು. ಎಂಪಿಸಿ, ಬೈಪಿಸಿ, ಸಿಇಸಿ, ಎಚ್‌ಇಸಿ. ಗಡಿಯಾಚೆ ಗೌರಿಬಿದನೂರಿನಲ್ಲೂ ಪಾವಗಡದಲ್ಲೂ ಇದೇ ಕತೆ, ಅಕ್ಷರಗಳು ಪಿಸಿಎಂಬಿ, ಎಚ್‌ಇಪಿಎಸ್ ಎಂದು ಬದಲಾಗುತ್ತವೆ, ಅಷ್ಟೆ. ಡಿಗ್ರಿಗೆ ಬಂದರೂ ಬಹುಕಾಲ ಇದೇ ನಡೆಯಿತು: ಇತಿಹಾಸದ ಜೊತೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಮೂರೂ ವಿಷಯ ಸಮಸಮ. ಜೋಡಿ ಕಟ್ಟುವವರು ಮಾತ್ರ ಕಾಲೇಜಿನವರು. ಇತಿಹಾಸದ ಜೊತೆ ರಸಾಯನಶಾಸ್ತ್ರ ಬೇಕೆಂದರೆ ಆಫೀಸಿನ ಗುಮಾಸ್ತರು ಕನ್ನಡಕ ಕೆಳಗಿಳಿಸಿ ಒಮ್ಮೆ ನೋಡುತ್ತಿದ್ದರು.

2023-24ರಲ್ಲಿ ಆಂಧ್ರ ಇದನ್ನು ಬದಲಿಸಿತು. ಮೂರು ವಿಷಯದ ಪದ್ಧತಿ ಹೋಗಿ ನಾಲ್ಕು ವರ್ಷದ ಆನರ್ಸ್ ಪದವಿ, ಒಂದೇ ಮೇಜರ್, ಜೊತೆಗೊಂದು ಮೈನರ್ ಬಂದವು. ಮೈನರನ್ನು ಬೇರೆ ವಿಭಾಗದಿಂದಲೂ ಆರಿಸಬಹುದು ಎಂಬುದು ಇದರ ದೊಡ್ಡ ಮಾತು. ಲೆಕ್ಕ ಹಾಕಿದರೆ ವಿದ್ಯಾರ್ಥಿಗೆ ಮೂರನೆಯ ವಿಷಯ ತಪ್ಪಿತು, ಎರಡನೆಯದನ್ನು ಆರಿಸುವ ಹಕ್ಕು ಸಿಕ್ಕಿತು. ಇದು ಲಾಭವೋ ನಷ್ಟವೋ ಎಂಬುದು ಆ ಹಕ್ಕನ್ನು ಬಳಸುವವರು ಎಷ್ಟು ಮಂದಿ ಎಂಬುದರ ಮೇಲೆ ನಿಂತಿದೆ.

ಈ ಬದಲಾವಣೆಯ ಹಿಂದೆ ಇರುವುದು ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರತಂದ ಪಠ್ಯಕ್ರಮದ ಚೌಕಟ್ಟು. ಅದನ್ನು ಪೂರ್ತಿ ಓದಿದ ವಿದ್ಯಾರ್ಥಿಗಳು ವಿರಳ, ಓದಿದ ತಂದೆತಾಯಿ ಇನ್ನೂ ವಿರಳ. ಮೂರು ವರ್ಷದ ಪದವಿಗೆ 120 ಕ್ರೆಡಿಟ್ಟು. ಅದರಲ್ಲಿ ಮೇಜರಿಗೆ 60, ಮೈನರಿಗೆ 24, ತನ್ನ ವಿಭಾಗದ ಹೊರಗಿನ ಪಾಠಗಳಿಗೆ 9. ನಾಲ್ಕು ವರ್ಷಕ್ಕಾದರೆ 160ರಲ್ಲಿ ಮೇಜರಿಗೆ 80, ಮೈನರಿಗೆ 32. ಎರಡನೆಯ ವಿಷಯದಲ್ಲಿ ಶೇ 40ರಷ್ಟು ಕ್ರೆಡಿಟ್ಟು ಗಳಿಸಿದರೆ ಅದೂ ಮೇಜರ್ ಎನಿಸಿ ಜೋಡಿ ಮೇಜರಾಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಅಂತರ್‌ಶಿಸ್ತೀಯ ಪದವಿಯಲ್ಲಿ ಮೇಜರಿನ ಕ್ರೆಡಿಟ್ಟನ್ನೇ ಹಲವು ವಿಷಯಗಳಿಗೆ ಹಂಚಬಹುದು. ಇಕನಾಮೆಟ್ರಿಕ್ಸ್ ಎಂದರೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಗಣಿತ ಮೂರೂ ಬೇಕು ಎಂದು ಆ ದಸ್ತಾವೇಜೇ ಉದಾಹರಣೆ ಕೊಡುತ್ತದೆ. ಯಾರು ಹಂಚಬೇಕು? ವಿಶ್ವವಿದ್ಯಾಲಯ. ಬ್ರೌನ್‌ನಂತೆ ವಿದ್ಯಾರ್ಥಿಯ ಕೈಗೆ ಪೆನ್ಸಿಲು ಕೊಟ್ಟಿಲ್ಲ. ಆದರೂ ಮೇಜರ್, ಮೈನರ್, ಹೊರಗಿನ ಪಾಠ, ಪ್ರಾಜೆಕ್ಟು, ಇಂಟರ್ನ್‌ಶಿಪ್ಪು ಇವಿಷ್ಟನ್ನೂ ಒಂದೇ ಪ್ರಶ್ನೆಯ ಕಡೆ ತಿರುಗಿಸಿದರೆ ಹೆಸರಿಲ್ಲದ ಒಂದು ಮೇಜರ್ ತಾನಾಗಿ ತಯಾರಾಗುತ್ತದೆ.

ಹಿಂದೂಪುರದಲ್ಲಿ ಇಂಥ ಪ್ರಶ್ನೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇಲ್ಲಿನ ಗೂಡಿನ ಮಾರುಕಟ್ಟೆ ರೇಷ್ಮೆ ಬೆಳೆಗಾರರಿಗೆಲ್ಲ ಗೊತ್ತು. ಊರ ಪಕ್ಕದ ಕಿರಿಕೆರೆಯಲ್ಲಿ ಆಂಧ್ರಪ್ರದೇಶ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಒಂದು ಗೂಡು ಮಾರುಕಟ್ಟೆಗೆ ಬರುವ ಹೊತ್ತಿಗೆ ಎಷ್ಟು ಶಾಸ್ತ್ರಗಳನ್ನು ದಾಟಿ ಬಂದಿರುತ್ತದೆ ನೋಡಿ. ಹಿಪ್ಪುನೇರಳೆ ಸಸ್ಯಶಾಸ್ತ್ರ. ವಿ-1ರಂಥ ತಳಿ ಎಲೆಯ ಇಳುವರಿಯನ್ನೇ ಬದಲಿಸಿತು, ಅದು ಬಂದದ್ದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ. ಹುಳು ಪ್ರಾಣಿಶಾಸ್ತ್ರ: ಎಳೆಹುಳುವಿನ ಚಾಕಿಯಿಂದ ಹಿಡಿದು, ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರುವವರೆಗೆ ಹೆಚ್ಚುಕಡಿಮೆ ನಾಲ್ಕು ವಾರ. ಗಂಟುರೋಗ, ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಸೂಕ್ಷ್ಮಜೀವಿಶಾಸ್ತ್ರ. ಊಜಿ ನೊಣ ಕೀಟಶಾಸ್ತ್ರ. ಹುಳುಮನೆಯ ಸೆಕೆ, ತೇವ ಭೌತಶಾಸ್ತ್ರ. ನೂಲು ಬಿಚ್ಚುವಾಗ ಅಂಟು ಸಡಿಲವಾಗುವಂತೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ರಸಾಯನಶಾಸ್ತ್ರ. ಹರಾಜಿನ ಕಟ್ಟೆಯಲ್ಲಿ ಬೆಳಗ್ಗೆ ಇದ್ದ ಬೆಲೆ ಮಧ್ಯಾಹ್ನ ಯಾಕೆ ಕುಸಿಯಿತು, ಚೀನಾದ ನೂಲು ಬಂದರೆ ರೀಲರು ಯಾಕೆ ಕೈ ಹಿಂದೆಗೆಯುತ್ತಾನೆ ಎಂಬುದು ಅರ್ಥಶಾಸ್ತ್ರ. ಮನೆಯ ಹೆಂಗಸರು ರಾತ್ರಿ ಎದ್ದು ಸೊಪ್ಪು ಹಾಕುವ ದುಡಿಮೆಗೆ ಕೂಲಿ ಯಾರ ಲೆಕ್ಕದಲ್ಲೂ ಯಾಕೆ ಇಲ್ಲ ಎಂಬುದು ಸಮಾಜಶಾಸ್ತ್ರ.

ಇದನ್ನೆಲ್ಲ ಓದಲು ಪದವಿಯೊಂದು ಇದೆಯಲ್ಲ ಎನ್ನಬಹುದು. ಇದೆ. ಪಕ್ಕದ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜೇ ಇದೆ, ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ರೇಷ್ಮೆ ವಿಭಾಗವೂ ಇದೆ. ಆದರೆ ಅಲ್ಲಿಗೆ ಹೋಗದ, ಹಿಂದೂಪುರದಲ್ಲೇ ಪ್ರಾಣಿಶಾಸ್ತ್ರ ಮೇಜರ್ ಓದುವ ಹುಡುಗಿ ಅರ್ಥಶಾಸ್ತ್ರವನ್ನು ಮೈನರ್ ಮಾಡಿಕೊಂಡು, ಕಿರಿಕೆರೆಯಲ್ಲಿ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿ, ಗೂಡಿನ ಬೆಲೆಯ ಏರಿಳಿತವನ್ನು ಪ್ರಾಜೆಕ್ಟಾಗಿ ತೆಗೆದುಕೊಂಡರೆ? ಹುಳುವಿನ ಶರೀರವೂ ಮಾರುಕಟ್ಟೆಯ ಮನಸ್ಸೂ ಗೊತ್ತಿರುವವರು ರೇಷ್ಮೆ ಇಲಾಖೆಯಲ್ಲೇ ಎಷ್ಟು ಮಂದಿ ಇದ್ದಾರು!

ವಿಷಯದ ಬೇಲಿ ಹಾರಿದವರಿಂದ ರೇಷ್ಮೆಗೆ ಆದ ಉಪಕಾರಕ್ಕೆ ಸಾಕ್ಷಿ ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಹುಳುಗಳು ರಾಶಿರಾಶಿ ಸಾಯುತ್ತಿದ್ದಾಗ ಸರ್ಕಾರ ಕಳಿಸಿದ್ದು ಈ ರಸಾಯನಶಾಸ್ತ್ರಜ್ಞನನ್ನು. ತಾನು ರೇಷ್ಮೆಹುಳುವನ್ನು ಮುಟ್ಟಿಯೂ ನೋಡಿದವನಲ್ಲ ಎಂದು ಪಾಶ್ಚರ್ ಮೊದಲು ಹಿಂಜರಿದಿದ್ದ. ಐದು ವರ್ಷ ಅಲ್ಲಿ ಹೆಣಗಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುವ ವಿಧಾನ ಕಂಡುಹಿಡಿದ. ಗಂಟುರೋಗ ತಡೆಯಲು ಇಂದಿಗೂ ಬಿತ್ತನೆ ಕೇಂದ್ರಗಳಲ್ಲಿ ನಡೆಯುವುದು ಅದೇ ತಾಯಿಚಿಟ್ಟೆ ಪರೀಕ್ಷೆ. ಪ್ರಾಣಿಶಾಸ್ತ್ರದವರು ಇದು ನಮ್ಮ ಗ್ರೂಪು ಎಂದು ಬಾಗಿಲು ಹಾಕಿದ್ದರೆ ಏನಾಗುತ್ತಿತ್ತೋ.

ಹಿಂದೂಪುರದಿಂದ ಸ್ವಲ್ಪ ದೂರಕ್ಕೆ ಲೇಪಾಕ್ಷಿ. ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳನ್ನು, ಗೋಡೆಗಳ ಮೇಲಿನ ಕನ್ನಡ ಶಾಸನಗಳನ್ನು, ನೆಲ ಮುಟ್ಟದ ಕಂಬವನ್ನು ನೋಡಲು ಬರುವ ಪ್ರವಾಸಿಗಳಿಗೆ ಲೆಕ್ಕವಿಲ್ಲ. 2022ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ವಿಜಯನಗರದ ಅಚ್ಯುತರಾಯನ ಕಾಲದ ಆಡಳಿತವಿದೆ, ರಸಾಯನಶಾಸ್ತ್ರದವರಿಗೆ ಖನಿಜ ಬಣ್ಣಗಳು ಯಾಕೆ ಮಾಸುತ್ತಿವೆ ಎಂಬ ಪ್ರಶ್ನೆಯಿದೆ, ಧರ್ಮಾವರದ ನೇಯ್ಗೆಯವರ ಮನೆಯ ಹುಡುಗನಿಗೆ ಚಿತ್ರದೊಳಗಿನ ಹೆಂಗಸರ ಸೀರೆಯ ಅಂಚುಗಳಿವೆ. ಇತಿಹಾಸ ಮೇಜರ್, ರಸಾಯನಶಾಸ್ತ್ರ ಮೈನರ್ ಎಂಬ ಜೋಡಿ ಕೇಳಿದರೆ ನಗುವವರು ಸ್ಮಾರಕ ಸಂರಕ್ಷಣೆ ಎಂಬ ಉದ್ಯೋಗ ಏನೆಂದು ಕೇಳಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಜ್ಞಾನ ಶಾಖೆಯೇ ಬೇರೆ ಇದೆ, ಅದರ ಕೆಲಸವೇ ಕಲ್ಲು, ಗಾರೆ, ಬಣ್ಣಗಳ ರೋಗ ನೋಡುವುದು.

ಕಲ್ಯಾಣದುರ್ಗದ ಮಾತೇ ಬೇರೆ. ಅಲ್ಲಿ ಎಲ್ಲ ವಿಷಯಗಳೂ ಕೊನೆಗೆ ಮಳೆಗೆ ಬಂದು ನಿಲ್ಲುತ್ತವೆ. ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು, ಅದೂ ಬಿದ್ದರೆ ಬಿತ್ತು. ದಶಕಗಳ ಕಾಲ ಕಡಲೆಕಾಯಿಯೊಂದನ್ನೇ ನಂಬಿದ ನೆಲ. ಸಾಲ, ಕೊಳವೆಬಾವಿ, ಬೆಂಗಳೂರಿಗೆ ಗುಳೆ ಒಂದರ ಹಿಂದೆ ಒಂದು ಬಂದವು. ಇದೇ ಬರದ ಜೊತೆ ಗುದ್ದಾಡಲು 1969ರಲ್ಲಿ ವಿಸೆಂಟ್ ಫೆರರ್ ಅನಂತಪುರಕ್ಕೆ ಬಂದು ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಕಟ್ಟಿದರು, ಕಲ್ಯಾಣದುರ್ಗದಲ್ಲಿ ಅದರ ಆಸ್ಪತ್ರೆಯೂ ಬಂತು. ಚೆನ್ನೇಕೊತ್ತಪಲ್ಲಿಯಲ್ಲಿ 1990ರಿಂದ ಟಿಂಬಕ್ಟು ಕಲೆಕ್ಟಿವ್ ಬೋಳುಗುಡ್ಡಕ್ಕೆ ಕಾಡು, ಹೊಲಕ್ಕೆ ಸಿರಿಧಾನ್ಯ ಮರಳಿಸಲು ದುಡಿದಿದೆ. ಗಡಿಯಾಚೆ ಪಾವಗಡದಲ್ಲಿ 2,050 ಮೆಗಾವಾಟಿನ ಸೌರಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿದೆ. ಅದರ ಜಮೀನು ರೈತರಿಂದ ಗೇಣಿಗೆ ಪಡೆದದ್ದು. ಇಷ್ಟೊಂದು ಪ್ರಯೋಗಗಳ ನಡುವೆ ಬೆಳೆದ ಹುಡುಗ ಕಾಲೇಜಿಗೆ ಹೋಗಿ ಗಂಗಾ ಬಯಲಿನ ಬೇಸಾಯದ ಬಗ್ಗೆ ನೋಟ್ಸ್ ಬರೆದುಕೊಳ್ಳುತ್ತಾನೆ.

ಅವನ ಕೈಗೆ ಒಂದು ಒಳ್ಳೆಯ ಆಯುಧ ಆಂಧ್ರ ಸರ್ಕಾರವೇ ಕೊಟ್ಟಿದೆ, ಉಪಯೋಗ ಮಾತ್ರ ಸರಿಯಾಗಿ ಆಗುತ್ತಿಲ್ಲ. 2020-21ರ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಪದವಿಗೆ ಹತ್ತು ತಿಂಗಳ ಇಂಟರ್ನ್‌ಶಿಪ್ ಕಡ್ಡಾಯವಾಯಿತು. ಅದರ ಮೊದಲ ಭಾಗವೇ ಸಮುದಾಯ ಸೇವಾ ಪ್ರಾಜೆಕ್ಟು. ವಿದ್ಯಾರ್ಥಿ ಬೇಸಿಗೆ ರಜೆಯಲ್ಲಿ ಒಂದು ಹಳ್ಳಿಯನ್ನೋ ವಾರ್ಡನ್ನೋ ಹಿಡಿದು ಮನೆಮನೆ ಸಮೀಕ್ಷೆ ಮಾಡಿ, ಒಂದು ಸಮಸ್ಯೆ ಆರಿಸಿ, ವರದಿ ಬರೆಯಬೇಕು. ಎಷ್ಟೋ ಕಡೆ ಇದು ಹಳೆಯ ವರದಿಯ ನಕಲು ತೆಗೆಸಿ ಸ್ಪೈರಲ್ ಬೈಂಡ್ ಹಾಕಿಸುವಲ್ಲಿಗೆ ಮುಗಿಯುತ್ತದೆ ಎಂಬುದು ಕಾಲೇಜಿನವರಿಗೂ ಗೊತ್ತು, ಜೆರಾಕ್ಸ್ ಅಂಗಡಿಯವರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಆದರೆ ಮನಸ್ಸಿಟ್ಟವರಿಗೆ ಇದಕ್ಕಿಂತ ದೊಡ್ಡ ಅವಕಾಶ ಇಲ್ಲ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿ ತನ್ನೂರಿನ ಕೊಳವೆಬಾವಿಗಳ ಆಳ, ವರ್ಷ, ಖರ್ಚು, ಬತ್ತಿದ್ದು ಯಾವಾಗ ಎಂದು ಬರೆದು ತರಬಹುದು. ಕುರುಬರ ಹಟ್ಟಿಯ ಮಗಳು ಕುರಿ ಹಿಂಡು ಯಾವ ತಿಂಗಳು ಯಾವ ದಾರಿ ಹಿಡಿಯುತ್ತದೆ, ಮೇವಿನ ಗೋಮಾಳ ಎಲ್ಲೆಲ್ಲಿ ಕಾಣೆಯಾಯಿತು ಎಂದು ನಕ್ಷೆ ಬರೆಯಬಹುದು. ಹೊರಗಿನ ಸಂಶೋಧಕರು ದುಭಾಷಿ ಕಟ್ಟಿಕೊಂಡು ಬಂದು ವಾರಗಟ್ಟಲೆ ಕೇಳುವ ಸಂಗತಿ ಅವಳಿಗೆ ಅಜ್ಜನ ಪಕ್ಕ ಕೂತರೆ ಸಿಗುತ್ತದೆ. ಭೂಗೋಳ, ಪ್ರಾಣಿಶಾಸ್ತ್ರ, ಅರ್ಥಶಾಸ್ತ್ರ, ಕನ್ನಡ ಜಾನಪದ ಎಲ್ಲವೂ ಅದರೊಳಗೇ ಇವೆ.

ಕನ್ನಡ ಎಂದಾಗ ಗಡಿಯ ಇನ್ನೊಂದು ಸಂಗತಿ. 1882ರವರೆಗೆ ಅನಂತಪುರ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಮಡಕಶಿರ, ರೊಳ್ಳ, ಅಮರಾಪುರ, ಅಗಳಿ, ಗುಡಿಬಂಡೆ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿನ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು ಬಳಸಿಕೊಂಡೇ ಬೆಳೆಯುತ್ತದೆ. ಇದನ್ನು ಕಷ್ಟ ಎಂದು ಕರೆಯುವವರೇ ಹೆಚ್ಚು. ಆದರೆ ಕವಿ, ಅನುವಾದಕ ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಬೆಳೆದದ್ದು ತಮಿಳು, ಕನ್ನಡ, ಇಂಗ್ಲಿಷ್ ಮೂರರ ನಡುವೆ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಪುಣೆಯಲ್ಲಿ ಭಾಷಾವಿಜ್ಞಾನಕ್ಕೆ ಹೊರಳಿ, ಇಂಡಿಯಾನಾದಲ್ಲಿ 1963ರಲ್ಲಿ ಭಾಷಾವಿಜ್ಞಾನದಲ್ಲೇ ಡಾಕ್ಟರೇಟ್ ಪಡೆದು, ಷಿಕಾಗೊದಲ್ಲಿ ಸಂಗಂ ಕವಿತೆಗಳನ್ನೂ ವಚನಗಳನ್ನೂ ಇಂಗ್ಲಿಷಿಗೆ ತಂದು, ಕನ್ನಡದ ಅಜ್ಜಿಕತೆಗಳನ್ನು ಸಂಗ್ರಹಿಸಿದರು. ಅವರ ಬಂಡವಾಳವೇ ಈ ಮೂರು ಭಾಷೆ. ಗಡಿಯ ಮಗುವಿನ ಬಳಿಯೂ ಅದೇ ಇದೆ, ಅದನ್ನು ಕ್ರೆಡಿಟ್ಟಾಗಿ ಬರೆದುಕೊಳ್ಳುವ ಪುಸ್ತಕ ಇಲ್ಲ.

ಒಂದು ಕಡೆ ಇದೆ. ಕುಪ್ಪಂನಲ್ಲಿ 1997ರಲ್ಲಿ ಹುಟ್ಟಿದ ದ್ರಾವಿಡ ವಿಶ್ವವಿದ್ಯಾಲಯದಲ್ಲಿ ಕನ್ನಡ ಭಾಷೆ ಮತ್ತು ಅನುವಾದ ಅಧ್ಯಯನಕ್ಕೇ ಒಂದು ವಿಭಾಗವಿದೆ. ಎರಡು ಭಾಷೆ ಬಲ್ಲ ಮಕ್ಕಳನ್ನು ಅನುವಾದಕರಾಗಿ ಮಾಡುವ ಯೋಚನೆ ಸರಿಯಾದದ್ದೇ. ಆದರೆ ಅಲ್ಲಿಗೆ ತಲುಪುವ ಮೊದಲೇ ಭಾಷೆ ಕೈಬಿಟ್ಟುಹೋಗುವ ಭಯವೂ ಹೊಸದಾಗಿ ಬಂದಿದೆ. 2025-26ರಿಂದ ಆಂಧ್ರದ ಇಂಟರ್ಮೀಡಿಯೆಟ್ ಮಂಡಳಿ ಗಣಿತ ಮತ್ತು ಜೀವಶಾಸ್ತ್ರ ಎರಡನ್ನೂ ಓದಬಹುದಾದ ಎಂಬೈಪಿಸಿ ತಂದಿತು, ಎರಡನೆಯ ಭಾಷೆಯ ಜಾಗದಲ್ಲಿ ಬೇರೆ ವಿಷಯವನ್ನು ಆರಿಸಲೂ ದಾರಿ ಮಾಡಿತು. ವಿಷಯಗಳ ಬೇಲಿ ಮುರಿದದ್ದು ಸ್ವಾಗತಾರ್ಹ. ಮುರಿದ ಬೇಲಿಯೊಳಗಿಂದ ಮೊದಲು ಹೊರಬೀಳುವುದು ಕನ್ನಡವಾದೀತು ಎಂಬುದನ್ನು ಗಡಿಯ ಪಾಲಕರು ಮರೆಯಬಾರದು.

ಇನ್ನು ತಲೆ ಚಚ್ಚಿಕೊಳ್ಳುವ ವಿಚಾರ. ಕಾಗದದ ಮೇಲೆ ಇಪ್ಪತ್ತು ಮೈನರ್ ಇರಬಹುದು. ಕಾಲೇಜಿನಲ್ಲಿ ಉಪನ್ಯಾಸಕರು ಯಾವ ವಿಷಯದವರಿದ್ದಾರೋ ಮೈನರ್ ಅದೇ. ಇಬ್ಬರೇ ವಿದ್ಯಾರ್ಥಿಗಳು ಬಯಸಿದ ಜೋಡಿಗೆ ವೇಳಾಪಟ್ಟಿ ಹೊಂದಿಸುವುದಿಲ್ಲ. ಸಣ್ಣ ಊರಿನ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯಕ್ಕೆ ಮಕ್ಕಳು ಮುಗಿಬಿದ್ದರೆ ಇತಿಹಾಸದ ಮೇಷ್ಟ್ರಿಗೆ ಕುರ್ಚಿಯೇ ಇರುವುದಿಲ್ಲ. ಹೀಗಾಗಿ ಆಯ್ಕೆಯ ಸ್ವಾತಂತ್ರ್ಯ ನಿಜವಾಗಿ ಸಿಗುವುದು ದೊಡ್ಡ ಊರಿನ ದೊಡ್ಡ ಕಾಲೇಜಿಗೆ. ಸಣ್ಣ ಊರಿಗೆ ಹೊಸ ನೀತಿ ಕೊಟ್ಟದ್ದು ಸ್ವಾತಂತ್ರ್ಯದ ಸುತ್ತೋಲೆ ಮಾತ್ರ ಎಂದರೆ ತಪ್ಪಾಗದು.

ಎರಡನೆಯ ಅಡ್ಡಿ ನೌಕರಿ. ಶಿಕ್ಷಕರ ನೇಮಕಾತಿಯಿಂದ ಹಿಡಿದು ಬಿ.ಎಡ್. ಸೀಟಿನವರೆಗೆ ಎಲ್ಲವೂ ಪದವಿಯಲ್ಲಿ ಯಾವ ವಿಷಯ ಓದಿದ್ದೀರಿ ಎಂದು ನೋಡುತ್ತವೆ. ವಿಚಿತ್ರ ಹೆಸರಿನ ಪದವಿ ತಂದವರು ಅದು ಇಂಥ ವಿಷಯಕ್ಕೆ ಸಮಾನ ಎಂಬ ಪತ್ರಕ್ಕಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿಳಿಯಬೇಕು. ಮಗಳ ಓದಿಗೆ ಕುರಿ ಮಾರಿದ ತಂದೆ 'ಇದಕ್ಕೆ ಕೆಲಸ ಸಿಗುತ್ತೇನಮ್ಮಾ?' ಎಂದು ಕೇಳಿದರೆ ಅದನ್ನು ಹಿಂದುಳಿದ ಮಾತು ಎನ್ನಲಾಗದು. ಆದ್ದರಿಂದ ಈ ಎರಡು ಊರುಗಳ ವಿದ್ಯಾರ್ಥಿಗಳಿಗೆ ಜಾಣತನದ ದಾರಿ ಒಂದೇ: ಪದವಿಪತ್ರದ ಮೇಲೆ ನೇಮಕಾತಿ ಮಂಡಳಿಗೆ ಪರಿಚಯವಿರುವ ಮೇಜರ್ ಇರಲಿ, ಪ್ರಾಣಿಶಾಸ್ತ್ರವೋ ಇತಿಹಾಸವೋ ಅರ್ಥಶಾಸ್ತ್ರವೋ. ತನ್ನ ಮನಸ್ಸಿನ ವಿಷಯವನ್ನು ಮೈನರ್, ಪ್ರಾಜೆಕ್ಟು, ಇಂಟರ್ನ್‌ಶಿಪ್ಪುಗಳಲ್ಲಿ ಕಟ್ಟಲಿ. ರಾಳ್ಲಪಲ್ಲಿಯವರ ಹುದ್ದೆಯ ಹೆಸರೂ ತೆಲುಗು ಅಧ್ಯಾಪಕ ಎಂದೇ ಇತ್ತು. ಅವರನ್ನು ಕರೆದು ಕೂರಿಸಿದವರು ಅದೇ ಮಹಾರಾಜ ಕಾಲೇಜಿನ ಕಟ್ಟಮಂಚಿ ರಾಮಲಿಂಗಾರೆಡ್ಡಿ. ಇತಿಹಾಸ ಪಾಠ ಹೇಳುತ್ತ ತೆಲುಗಿನಲ್ಲಿ ಕಾವ್ಯವಿಮರ್ಶೆಯನ್ನೂ ಅರ್ಥಶಾಸ್ತ್ರವನ್ನೂ ಬರೆದ, ಮುಂದೆ 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ ರೆಡ್ಡಿಯವರಿಗೆ ಬೇಲಿ ದಾಟುವವರ ಬೆಲೆ ಗೊತ್ತಿತ್ತು. ಅಂಥ ಒಬ್ಬ ಅಧ್ಯಾಪಕರು ಇದ್ದರೆ ನಿಯಮದ ಕೊರತೆ ಅರ್ಧ ತುಂಬುತ್ತದೆ.

ಮೂರನೆಯದು ಸರ್ಕಾರಗಳ ಚಂಚಲತೆ. ಕರ್ನಾಟಕ 2021ರಲ್ಲಿ ದೇಶದಲ್ಲೇ ಮೊದಲು ಎಂದು ಹೆಮ್ಮೆಯಿಂದ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿ ಮಾಡಿ ನಾಲ್ಕು ವರ್ಷದ ಪದವಿ ತಂದಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷಕ್ಕೆ ಹಿಂತಿರುಗಿತು. ಗೌರಿಬಿದನೂರಿನಲ್ಲಿ ಒಂದೇ ಮನೆಯ ಅಕ್ಕ ಒಂದು ಪದ್ಧತಿಯಲ್ಲೂ ತಂಗಿ ಇನ್ನೊಂದರಲ್ಲೂ ಓದುವ ಹಾಗಾಯಿತು. ಯಾವ ನೀತಿ ಮೇಲು ಎಂಬ ವಾದ ವಿಧಾನಸೌಧದಲ್ಲಿ ನಡೆಯಲಿ. ಪಠ್ಯಕ್ರಮ ಮಾತ್ರ ಚುನಾವಣೆಯ ಜೊತೆ ಬದಲಾಗುತ್ತಿದ್ದರೆ ಯಾವ ಮೇಷ್ಟ್ರೂ ಹೊಸ ಪಾಠವನ್ನು ಮನಸ್ಸಿಟ್ಟು ಸಿದ್ಧಮಾಡುವುದಿಲ್ಲ.

ಇಷ್ಟೆಲ್ಲ ಅಡ್ಡಿಗಳಿದ್ದರೂ ಕಾಲೇಜಿನಲ್ಲಿ ಇಲ್ಲದ ವಿಷಯಕ್ಕೆ ದಾರಿಗಳಿವೆ. ಸ್ವಯಂ ಜಾಲತಾಣದ ಪಾಠಗಳಿಂದ ಒಂದು ಸೆಮಿಸ್ಟರಿನ ಶೇ 40ರಷ್ಟನ್ನು ಪೂರೈಸಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. ಗಳಿಸಿದ ಕ್ರೆಡಿಟ್ಟು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ಜಮೆಯಾಗುತ್ತದೆ. 2022ರಿಂದ ಏಕಕಾಲಕ್ಕೆ ಎರಡು ಪದವಿ ಓದಲೂ ಅನುಮತಿಯಿದೆ, ಒಂದು ಕಾಲೇಜಿನಲ್ಲಿ, ಇನ್ನೊಂದು ಇಗ್ನೋದಂಥ ದೂರಶಿಕ್ಷಣದಲ್ಲಿ. ಆದರೆ ಹಣ ಕಟ್ಟುವ ಮೊದಲು ತಮ್ಮ ವಿಶ್ವವಿದ್ಯಾಲಯ ಆ ಕ್ರೆಡಿಟ್ಟನ್ನು ಒಪ್ಪುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಈ ವರ್ಷ ಡಿಗ್ರಿಗೆ ಸೇರುವವರು ಆನ್‌ಲೈನ್ ಆಯ್ಕೆ ತುಂಬುವ ಮೊದಲು ಕಾಲೇಜಿಗೆ ಹೋಗಿ ಎರಡು ಪ್ರಶ್ನೆ ಕೇಳಬೇಕು: ಹೋದ ವರ್ಷ ಯಾವ ಯಾವ ಮೈನರ್ ನಿಜವಾಗಿ ಪಾಠವಾಯಿತು, ಅದನ್ನು ಹೇಳಿಕೊಟ್ಟವರು ಈಗಲೂ ಇದ್ದಾರೆಯೆ? ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಸುತ್ತೋಲೆಯನ್ನೇ ಓದಬೇಕು, ಸೀನಿಯರ್ ಮಾತನ್ನಲ್ಲ. ಮಡಕಶಿರದ ಕಡೆಯಿಂದ ಹಿಂದೂಪುರಕ್ಕೆ, ಕಂಬದೂರು, ಕುಂದುರ್ಪಿ ಕಡೆಯಿಂದ ಕಲ್ಯಾಣದುರ್ಗಕ್ಕೆ ಬರುವ ಕನ್ನಡದ ಮಕ್ಕಳು ಕನ್ನಡವನ್ನು ಮೈನರಾಗಿ ಓದಬಯಸಿದರೆ ಒಬ್ಬೊಬ್ಬರೇ ಕೇಳಿ ಪ್ರಯೋಜನವಿಲ್ಲ. ಕಾಲೇಜು ಮೈನರುಗಳ ಪಟ್ಟಿ ಅಂತಿಮಗೊಳಿಸುವ ಮೊದಲೇ ಎಲ್ಲರೂ ಸಹಿ ಹಾಕಿದ ಒಂದು ಅರ್ಜಿ ಪ್ರಾಂಶುಪಾಲರ ಮೇಜಿನ ಮೇಲಿರಬೇಕು, ಅದರ ನಕಲೊಂದು ವಿಶ್ವವಿದ್ಯಾಲಯಕ್ಕೂ ಹೋಗಬೇಕು.